ಚರಗದ ಹಿಂದಿನ ನೀರು

ನೀರಜಾ ಮಂಡಿಯೂರಿ ಕೂತು ಒಂದು ತುಣುಕು ಸಜ್ಜೆ ರೊಟ್ಟಿಯನ್ನು ದಿಟ್ಟಿಸುತ್ತಿದ್ದಳು.

ರೊಟ್ಟಿಗೆ ಹಚ್ಚಿದ ಎಳ್ಳು ಕೂಡ ಚೆದುರಿರಲಿಲ್ಲ. ಅದರ ಮೇಲೆ ಗಾಜಿನ ಮುಚ್ಚಳ ಹಾಕಿಟ್ಟ ಹಾಗೆ ತೆಳ್ಳನೆಯ ಮಂಜುಗಡ್ಡೆ. ಪಕ್ಕದಲ್ಲಿ ಭಜ್ಜಿ ಪಲ್ಲೆಯ ಒಂದು ಅವರೆಕಾಳು ಬಿದ್ದಿತ್ತು, ಅದಕ್ಕೂ ಅಂಥದೇ ಮುಚ್ಚಳ. ಸ್ವಲ್ಪ ಮುಂದೆ ಕಡುಬಿನ ಚೂರು. ಹೀಗೆ ಒಂದರ ಮುಂದೊಂದು, ಕೋಸಿನ ಮಡಿಗಳ ಅಂಚು ಹಿಡಿದು, ಪ್ಲಾಟಿನ ಸುತ್ತ ಹೋಗಿ ಮಂಜಿನೊಳಗೆ ಮಾಯವಾಗುತ್ತಿತ್ತು ಆ ಸಾಲು.

ಹೇಸ್‌ನ ಗೋದಾಮುಗಳ ಹಿಂದೆ, ತರಕಾರಿ ಬೆಳೆದುಕೊಳ್ಳಿ ಎಂದು ಕೌನ್ಸಿಲ್‌ನವರು ಬಾಡಿಗೆಗೆ ಕೊಡುವ ಅಲಾಟ್‌ಮೆಂಟ್ ಅದು. ಬೆಳಗಿನಿಂದ ಮಂಜು ಕರಗಿರಲಿಲ್ಲ. ಹೀಥ್ರೂಗೆ ಇಳಿಯುವ ವಿಮಾನಗಳ ಸದ್ದು ತಲೆಯ ಮೇಲೆ ಹಾದು ಹೋಗುತ್ತಿತ್ತು, ವಿಮಾನ ಮಾತ್ರ ಒಂದೂ ಕಾಣುತ್ತಿರಲಿಲ್ಲ. ಇಂಥ ದಿನ ನೀರಜಾಳಿಗೆ ತಾನು ಎದ್ದಿದ್ದೇನೋ ಇನ್ನೂ ಹಾಸಿಗೆಯಲ್ಲೇ ಇದ್ದೇನೋ ಎಂಬ ಅನುಮಾನ ಬರುತ್ತದೆ. ಧಾರವಾಡ ಬಿಟ್ಟು ಬಂದು ಇಷ್ಟು ವರ್ಷ ಹೌನ್ಸ್ಲೋದಲ್ಲಿ ವಿಮಾ ಕಂಪನಿಗಳಿಗಾಗಿ ಸುಳ್ಳು ಕ್ಲೇಮುಗಳನ್ನು ಪತ್ತೆ ಹಚ್ಚಿ, ಈಗ ಸ್ವಂತ ಪತ್ತೇದಾರಿಕೆಗೆ ಕೂತವಳಿಗೆ ಈ ಕನಸುಗಣ್ಣು ಮಾತ್ರ ಹೋಗಿರಲಿಲ್ಲ. ಹೋಗದಿದ್ದುದೇ ಒಳ್ಳೆಯದಾಯಿತು.

ನಿನ್ನೆ, ಎಳ್ಳು ಅಮಾವಾಸ್ಯೆಯ ಮಧ್ಯಾಹ್ನ, ಶಶಿಧರ ಇಲ್ಲೇ ಶೆಡ್ಡಿನ ಕಾಂಕ್ರೀಟ್ ಮೆಟ್ಟಿಲ ಬಳಿ ತಲೆ ಒಡೆದುಕೊಂಡು ಬಿದ್ದಿದ್ದ. ಆಸ್ಪತ್ರೆಯಲ್ಲಿ ಅವನಿಗೆ ಇನ್ನೂ ಪ್ರಜ್ಞೆ ಬಂದಿರಲಿಲ್ಲ.

"ಅವರು ಒಬ್ಬರೇ ಇದ್ದರು, ಜಾರಿ ಬಿದ್ದರು ಅಂತಾರೆ ಪೊಲೀಸರು," ಎಂದಳು ಹಿಂದೆ ನಿಂತಿದ್ದ ಸೌಜನ್ಯಾ. ಶಶಿಧರನ ಹೆಂಡತಿ. ಮೈಸೂರಿನ ಡಾಕ್ಟರರ ಮಗಳು. ಅವಳ ಮಾತು ಈ ಚಳಿಯಲ್ಲೂ ಮೆತ್ತಗೆ ಇತ್ತು. "ಆದರೆ ಜೊತೇಲಿ ಯಾರೋ ಇದ್ದಿರಬೇಕು ಅಕ್ಕಾ. ಅವರು ಯಾರು ಅಂತ ಹುಡುಕಿ. ಅವರಿಗೆ ಏನು ಕೇಳಿಸಿತು ಅಂತ ಕೇಳಿ. ನನಗೆ ಅಷ್ಟು ಗೊತ್ತಾದರೆ ಸಾಕು."

"ನೀನು ಒಮ್ಮೆನೂ ಇಲ್ಲಿಗೆ ಬಂದಿಲ್ಲೇನು?"

"ಇಲ್ಲ. ಇದು ಅವರ ಕಡೆ ಹಬ್ಬ. ಚರಗ ಅಂದರೆ ನನಗೆ ತಲೆಬುಡ ಗೊತ್ತಿಲ್ಲ."

ನೀರಜಾ ರೊಟ್ಟಿಯ ತುಣುಕಿನ ಕಡೆ ಬೆರಳು ತೋರಿದಳು. "ಹುಲ್ಲಿನ ಮ್ಯಾಲೆ ನೋಡು. ಬೆಳ್ಳಗೆ ಪುಡಿ ಉದುರಿಸಿದಂಗ ಐತಿ. ಅದು ರಾತ್ರಿ ಬಿದ್ದ ಹಿಮ. ಆದರ ಈ ರೊಟ್ಟಿ ಮ್ಯಾಲೆ ಇರೋದು ಪುಡಿ ಅಲ್ಲ, ಸ್ವಚ್ಛ ಗಾಜು. ಅಂದರ ಇದು ನೀರು."

"ನೀರಾ?"

"ಭೂಮಿತಾಯಿಗಂತ ಹೊಲದ ಸುತ್ತ ಅಡಿಗಿ ಚೆಲ್ಲೂದ ಚರಗ. ಚೆಲ್ಲೋರು ಒಬ್ಬರು. ಹಿಂದ ತಂಬಿಗಿ ಹಿಡಕೊಂಡು ನೀರು ಚಿಮುಕಿಸೋರು ಇನ್ನೊಬ್ಬರು. ಮುಂದಿನವರು 'ಹುಲ್ಲುಲ್ಲಿಗ್ಯೋ' ಅಂತ ಕೂಗಬೇಕು, ಹಿಂದಿನವರು 'ಚಲ್ಲಾಂಬರಿಗ್ಯೋ' ಅನ್ನಬೇಕು. ಒಬ್ಬರೇ ಮಾಡೂ ಕೆಲಸಾನೇ ಅಲ್ಲ ಇದು." ನೀರಜಾ ಎದ್ದು ಮಂಡಿ ಜಾಡಿಸಿಕೊಂಡಳು. "ಇಲ್ಲಿ ಪೂರ್ತಿ ಸುತ್ತಿಗೂ ನೀರು ಬಿದ್ದೈತಿ. ಹಕ್ಕಿಗಳಿಗೂ ಕುಕ್ಕಾಕ ಆಗಿಲ್ಲ."

ಲಂಡನ್ ಪೊಲೀಸರು ಬುದ್ಧಿವಂತರು, ಸಂಶಯವಿಲ್ಲ. ಆದರೆ ನೆಲದ ಮೇಲೆ ಬಿದ್ದ ಕಡುಬನ್ನು ಕಂಡು ಅವರು ಬರೆದುಕೊಂಡದ್ದು 'ಊಟದ ಚೆಲ್ಲಾಪಿಲ್ಲಿ' ಎಂದು. ಪಾಪ, ಅವರನ್ನಾದರೂ ಏನು ಅನ್ನುವುದು.

ಶೆಡ್ಡಿನ ಪಕ್ಕದಲ್ಲಿ ಕಡ್ಡಿ ಕಟ್ಟಿ ನಿಲ್ಲಿಸಿದ ಪುಟ್ಟ ಕೊಂಪೆ. ಅದರೊಳಗೆ ಪಾಂಡವರೆಂದು ಐದು ಕಲ್ಲು, ಪಾನ್ ಅಂಗಡಿಯ ಸುಣ್ಣ ಬಳಿದುಕೊಂಡು, ಕುಂಕುಮ ಇಟ್ಟುಕೊಂಡು ಕೂತಿದ್ದವು. ಅವುಗಳ ಹಿಂದೆ ಮಣ್ಣಿನಲ್ಲಿ ಒಂದು ಗುಳಿ. ಯಾವುದೋ ಕಲ್ಲು ಕೂತಿದ್ದು ಎದ್ದು ಹೋದ ಗುರುತು, ಹಾಗೇ ಹೆಪ್ಪುಗಟ್ಟಿತ್ತು.

"ಕಳ್ಳ ಇಲ್ಲ," ಎಂದಳು ನೀರಜಾ.

ಶಶಿಧರನ ಮನೆತನದಲ್ಲಿ ಐವರ ಹಿಂದೆ ಆರನೆಯದೊಂದು ಕಲ್ಲಿಡುವ ಪದ್ಧತಿ. ಅದರ ಹೆಸರು ಕಳ್ಳ. ಅದಕ್ಕೆ ಮೈತುಂಬ ಸುಣ್ಣವಿಲ್ಲ, ಬೆನ್ನಿಗೆ ಸುಣ್ಣದ ಒಂದೇ ಒಂದು ಬೊಟ್ಟು.

ಸೌಜನ್ಯಾಳ ಮುಖ ಇನ್ನಷ್ಟು ಬಿಳಿಚಿತು. "ಅದು ನಿಜವಾದ ಕಲ್ಲಲ್ಲ ಅಕ್ಕಾ. ಗಾರ್ಡನ್ ಸೆಂಟರಲ್ಲಿ ಸಿಗುತ್ತಲ್ಲ, ಒಳಗೆ ಮನೆ ಕೀ ಬಚ್ಚಿಡೋ ಪ್ಲಾಸ್ಟಿಕ್ ಕಲ್ಲು. ಕಳ್ಳನ ಹೊಟ್ಟೇಲಿ ಇಟ್ಟಿದ್ದನ್ನ ಯಾವ ಕಳ್ಳನೂ ಕದಿಯಲ್ಲ ಅಂತ ತಮಾಷೆ ಮಾಡೋರು. ಕ್ಯಾಮೆರಾದ ಮೆಮೊರಿ ಕಾರ್ಡ್ ಅದರಲ್ಲೇ ಇತ್ತು."

ಆ ಕಾರ್ಡು. ಇಡೀ ಗೋಳಿನ ಮೂಲ ಅದೇ.

ಶಶಿಧರನ ಕೆಲಸ ಕಾಣದ್ದನ್ನು ಕಾಣಿಸುವುದು. ಒಂದು ವಿಶೇಷ ಕ್ಯಾಮೆರಾ ಹಿಡಿದು ಎಣ್ಣೆ ಬಾವಿ, ಗ್ಯಾಸ್ ಟರ್ಮಿನಲ್ ಸುತ್ತುತ್ತಿದ್ದ. ನೆಲದಿಂದ ಬರುವ ಗ್ಯಾಸಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಅವನ ಕ್ಯಾಮೆರಾದಲ್ಲಿ ಮಾತ್ರ ಅದು ಕಪ್ಪು ಹೊಗೆಯಾಗಿ ಏಳುತ್ತದೆ. ಅದು ಸೋರಿದಷ್ಟೂ ಭೂಮಿ ಕಾಯುತ್ತದೆ. ಅದಕ್ಕೇ ಕಂಪನಿಗಳು ಇಂಥ ಕ್ಯಾಮೆರಾದಿಂದ ಸೋರಿಕೆ ಹುಡುಕಿ ಮುಚ್ಚಲೇಬೇಕು ಎಂದು ಸರ್ಕಾರ ನಿಯಮ ಮಾಡಿತ್ತು. ಈಗ ಆ ನಿಯಮವನ್ನೇ ರದ್ದು ಮಾಡಲು ಪಾರ್ಲಿಮೆಂಟಿನಲ್ಲಿ ಗೊತ್ತುವಳಿ. ಮತದಾನ ಇವತ್ತು ಸಂಜೆ. ಸೋರಿಕೆಯೇ ಇಲ್ಲದ ಮೇಲೆ ನಿಯಮ ಯಾಕೆ ಎನ್ನುವುದು ರದ್ದು ಮಾಡುವವರ ವಾದ.

ಶಶಿಧರ, ಸೋರಿಕೆಯೇ ಇಲ್ಲವೆಂದು ತನ್ನ ಕಂಪನಿ ಹೇಳಿದ್ದ ಒಂದು ಟರ್ಮಿನಲ್ ಹಗಲಿಡೀ ಸೋರುತ್ತಿದ್ದುದನ್ನು ಫಿಲ್ಮ್ ಮಾಡಿಕೊಂಡಿದ್ದ. ಅದಿದ್ದದ್ದು ಆ ಒಂದು ಕಾರ್ಡಿನಲ್ಲಿ ಮಾತ್ರ. ಅದನ್ನು ಸದನದ ಮುಂದಿಡಲು ಒಬ್ಬ ಸಂಸದೆ ಒಪ್ಪಿದ್ದರು. ಕಂಪನಿಯವರು ಬೆಳಗ್ಗೆಯೇ ಹೇಳಿಕೆ ಕೊಟ್ಟಾಗಿತ್ತು: ಅಂಥ ಫಿಲ್ಮೇ ಇಲ್ಲ, ಆತ ಕಟ್ಟಿದ ಕಥೆ. ಸಂಜೆಯೊಳಗೆ ಕಾರ್ಡು ಸಿಗದಿದ್ದರೆ ನಿಯಮವೂ ಹೋಯಿತು, ಶಶಿಧರನ ಹೆಸರೂ ಹೋಯಿತು. ನಾಳೆ ಅವನು ಕಣ್ಣು ಬಿಟ್ಟರೂ ಸುಳ್ಳುಗಾರನಾಗಿಯೇ ಕಣ್ಣು ಬಿಡಬೇಕು.

"ಪ್ರತಿವರ್ಷ ಶಶಿ ಯಾರ ಜೊತಿ ಚರಗ ಚೆಲ್ಲತಿದ್ದ?"

"ನಿಜಲಿಂಗಪ್ಪ ಕಾಕಾ ಜೊತೆ. ಆದರೆ ಈ ಸಲ ಮೊಣಕಾಲು ನೋವು, ಮನೆ ಬಿಟ್ಟು ಕದಲಿಲ್ಲ ಅಂದರಲ್ಲ."

ನೀರಜಾ ಕಾರಿನ ಡಿಕ್ಕಿಗೆ ತನ್ನ ವೆಲ್ಲಿಂಗ್ಟನ್ ರಬ್ಬರ್ ಬೂಟುಗಳನ್ನು ಎಸೆದು, ಚೊಕ್ಕ ಕಪ್ಪು ಶೂ ಹಾಕಿಕೊಂಡಳು. ದೊಡ್ಡವರ ಮನೆಗೆ ಕೆಸರು ಕಾಲಲ್ಲಿ ಹೋಗುವುದು ಅವಳಿಗೆ ಬಾರದು.

ಕೆಂಟನ್‌ನ ನಿಜಲಿಂಗಪ್ಪನವರ ಬೀದಿಯಲ್ಲಿ ಮನೆಗಳೆಲ್ಲ ಮಂಜಿನಲ್ಲಿ ಅರ್ಧರ್ಧ ಅಳಿಸಿ ಹೋಗಿದ್ದವು. ಬಾಗಿಲುಗಳು ಮಾತ್ರ ಅಲ್ಲಲ್ಲಿ ತೇಲುತ್ತಿದ್ದಂತೆ ಕಂಡವು. ಸೌಜನ್ಯಾ ಕಾರಿನಲ್ಲೇ ಉಳಿದಳು.

ಮೆಟ್ಟಿಲ ಮೇಲೆ ರೋಸ್ಮರಿ ಕುಂಡಗಳ ಸಾಲು, ಅವುಗಳ ಬುಡದಲ್ಲಿ ಚಂದಕ್ಕೆಂದು ಜೋಡಿಸಿದ ಕಲ್ಲುಗಳು. ಬೆಲ್ ಒತ್ತಲು ಮುಂದಾದ ನೀರಜಾಳ ಕಾಲಿಗೆ ಒಂದು ಕಲ್ಲು ತಾಗಿ ಉರುಳಿತು. ಯಾರಾದರೂ ನೋಡಿದರೇ ಎಂದು ನಾಚಿಕೊಂಡು ಅದನ್ನು ಕಾಲಿನಿಂದಲೇ ಜಾಗಕ್ಕೆ ತಳ್ಳಿದಳು. ಅಷ್ಟರಲ್ಲಿ ಬಾಗಿಲು ತೆರೆಯಿತು.

"ಬಾರವಾ ನೀರಜಾ, ಒಳಗ ಬಾ. ಥಂಡ್ಯಾಗ ಯಾಕ ನಿಂತಿ?"

ನಿಜಲಿಂಗಪ್ಪ ವಿಜಯಪುರದ ಕಡೆಯವರು. ಬೆಳ್ಳಿ ಮೀಸೆ, ಹಣೆಯಲ್ಲಿ ವಿಭೂತಿ, ಮೈಮೇಲೆ ದುಬಾರಿ ಉಣ್ಣೆಯ ಸ್ವೆಟರ್. ಎಣ್ಣೆ ಕಂಪನಿಗಳ ಸಂಘಕ್ಕೆ ಸಲಹೆಗಾರರು. ನಿಯಮ ರದ್ದಾಗಬೇಕೆಂದು ಸಂಸದರು ಮಾಡುವ ಭಾಷಣಗಳಲ್ಲಿ ಅರ್ಧ ಇವರ ಅಡುಗೆಮನೆಯ ಮೇಜಿನ ಮೇಲೆ ತಯಾರಾದವು ಎಂದು ಕನ್ನಡದವರೆಲ್ಲ ಹೆಮ್ಮೆಯಿಂದಲೇ ಹೇಳಿಕೊಳ್ಳುತ್ತಿದ್ದರು. ನಮ್ಮವನೊಬ್ಬ ದೊಡ್ಡವನಾದರೆ ಏನು ಮಾಡಿ ದೊಡ್ಡವನಾದ ಎಂದು ನಾವು ಕೇಳುವುದು ಕಡಿಮೆ.

ಸೌಜನ್ಯಾ ಕಾರಿನಲ್ಲೇ ಇದ್ದಾಳೆ ಎನ್ನುತ್ತ ನೀರಜಾ ಶೂ ಬಿಚ್ಚಿಟ್ಟು ಒಳಗೆ ಹೋದಳು. ಅವರು ಚಹಾ ಮಾಡಿ, ತಟ್ಟೆಯಲ್ಲಿ ಶೇಂಗಾ ಹೋಳಿಗೆ ಇಟ್ಟರು.

"ಮೊಣಕಾಲು ಹೆಂಗೈತಿ ಕಾಕಾ?"

"ಇದ ನೋಡವಾ, ಥಂಡಿಗೆ ಹಿಡಕೊಂಡ ಬಿಟ್ಟೈತಿ. ನಿನ್ನೆ ಹೊಲಕ್ಕ ಹೋಗಾಕೂ ಆಗಲಿಲ್ಲ. ಪಾಪ, ಶಶಿ ಒಬ್ಬನ ಹೋಗಿ..." ಅವರು ತಲೆ ಅಲ್ಲಾಡಿಸಿದರು.

"ನೀವು ಹೋಗಿದ್ರಿ."

"ಯಾರು ಹೇಳಿದ್ರು?"

"ನೀರು ಹೇಳ್ತು. ಚರಗದ ಹಿಂದ ನೀರು ಬಿದ್ದೈತಿ ಕಾಕಾ. ಪೂರ್ತಿ ಸುತ್ತು, ಒಂದು ಕಾಳೂ ಬಿಟ್ಟಿಲ್ಲ. ಲಂಡನ್ನಿನ್ಯಾಗ ಶಶಿ ಜೊತಿ ಹಿಂಗ ಚರಗ ಮಾಡೋರು ನಿಮ್ಮನ್ನ ಬಿಟ್ಟರ ಮತ್ಯಾರು?"

ಅವರು ಚಹಾದ ಕಪ್ಪನ್ನು ಕೆಳಗಿಟ್ಟರು. ಸಿಟ್ಟು ಬರಲಿಲ್ಲ. ಮುಖದ ಮೇಲೆ ಒಂದು ದಣಿದ ನಗು ಬಂತು.

"ನಿಮ್ಮಪ್ಪನೂ ಹಿಂಗ ಇದ್ದ. ನೆಲ ನೋಡಿ ಮಾತಾಡವ." ಅವರು ಹೋಳಿಗೆಯ ತಟ್ಟೆಯನ್ನು ಅವಳ ಕಡೆ ಸರಿಸಿದರು. "ಹೌದು. ಹೋಗಿದ್ದೆ. ಸಂಜಿ ಮತದಾನ ಇಟ್ಟುಕೊಂಡು, ಫಿಲ್ಮ್ ಇದ್ದವನ ಜೊತಿ ನಾ ಹೊಲದಾಗ ಇದ್ದೆ ಅಂದರ ಜನ ಏನಂತಾರ? ಅದಕ್ಕ ಸುಮ್ಮನಾದೆ."

"ಫಿಲ್ಮ್ ಕೊಡಬ್ಯಾಡ ಅಂತ ಹೇಳಾಕ ಹೋಗಿದ್ರಿ."

"ಹೇಳಿದೆ. ಅವ ಕೇಳಲಿಲ್ಲ. ಇಬ್ಬರೂ ಬಾಯಿ ಮಾಡಿದ್ವಿ. ಆಮ್ಯಾಲೆ ಅವನ ಅಂದ, ಕಾಕಾ, ಜಗಳ ನಾಳೆ ಆಡೂಣು, ಮೊದಲು ಭೂಮಿತಾಯಿ ಉಣ್ಣಲಿ. ನಾ ಚರಗದ ಬುಟ್ಟಿ ತಗೊಂಡೆ. ಅವ ತಂಬಿಗಿ ತಗೊಂಡ."

"ಅಂದರ ನೀವು ಮುಂದ, ಅವ ಹಿಂದ."

"ಹೂಂ. ಮಂಜು ಎಷ್ಟಿತ್ತಂದರ ನನ್ನ ಕೈ ನನಗ ಕಾಣವಲ್ದು. ಹುಲ್ಲುಲ್ಲಿಗ್ಯೋ ಅಂತ ನಾ ಕೂಗತಿದ್ದೆ. ಹಿಂದಿಂದ ಚಲ್ಲಾಂಬರಿಗ್ಯೋ ಅಂತ ಬರತಿತ್ತು. ಚರಗ ಚೆಲ್ಲುವಾಗ ಹಿಂದ ನೋಡಬಾರದಂತ ನಮ್ಮವ್ವ ಹೇಳತಿದ್ದಳು, ನಾ ನೋಡಲಿಲ್ಲ." ಅವರ ಧ್ವನಿ ಇಳಿಯಿತು. ಕಿಟಕಿಯಾಚೆ ಬಿಳಿಯಲ್ಲದೆ ಬೇರೇನೂ ಇರಲಿಲ್ಲ. "ನಡಿತಾ ನಡಿತಾ ನನಗ ನಮ್ಮೂರ ಎರಿ ಹೊಲದಾಗ ಇದ್ದಂಗ ಆತು ನೋಡು. ಕುಸುಬಿ ವಾಸನಿ ಬಂದಂಗ. ನಿದ್ದ್ಯಾಗ ನಡದಂಗ ನಡದೆ. ಅರ್ಧ ಸುತ್ತು ಆಗಿತ್ತೋ ಏನೋ, ಹಿಂದಿನ ಧ್ವನಿ ಬದಲಾತು."

"ಬದಲಾತು ಅಂದರ?"

"ಶಶಿ ಧ್ವನಿ ಅಲ್ಲ ಅದು."

ನೀರಜಾಳ ಕೈಯ ಹೋಳಿಗೆ ಬಾಯಿಗೆ ಹೋಗದೆ ನಿಂತಿತು.

"ಹೆಣ್ಣುಮಗಳ ಧ್ವನಿ. ಚಲ್ಲಾಂಬರಿಗ್ಯೋ ಅಂತ ಕೊನೀತನಕ ಅಂದಳು. ನನಗ ಅಂಜಿಕಿ ಆತು ನೀರಜಾ, ಸುಳ್ಳ ಯಾಕ ಹೇಳಲಿ. ಭೂಮಿತಾಯೇ ಹಿಂದ ಬರಾಕತ್ತಾಳ ಅನ್ನಿಸ್ತು. ಕೂಗೂದು ಒಂದು ಸಲಾನೂ ನಿಲ್ಲಿಸಲಿಲ್ಲ, ನಿಲ್ಲಿಸಾಕ ಧೈರ್ಯ ಇರಲಿಲ್ಲ. ಸುತ್ತು ಮುಗಿಸಿ ಕೊಂಪಿ ಹತ್ರ ಬಂದು ತಿರುಗಿ ನೋಡಿದರ ಯಾರೂ ಇಲ್ಲ. ತಂಬಿಗಿ ಒಂದ ಕುಂತಿತ್ತು. ಶಶಿ ಸಿಟ್ಟಿನ್ಯಾಗ ಮನಿಗೆ ಹೋದ ಅಂದಕೊಂಡೆ. ಶೆಡ್ಡಿನ ಆ ಕಡೆ ಬಿದ್ದಾನಂತ ನನಗೇನು ಗೊತ್ತು?"

"ಆರನೇ ಕಲ್ಲು ಇತ್ತೇನ್ರಿ ಅವಾಗ?"

"ಕಲ್ಲು ಎಣಿಸಾಕ ಹೋಗಿದ್ದೆನೇನು ನಾ?"

"ಆ ಧ್ವನಿ ಯಾರದು ಕಾಕಾ?"

ನಿಜಲಿಂಗಪ್ಪ ಎದ್ದು, ಕಿಟಕಿಯ ಪರದೆ ಸರಿಸಿ, ಬಿಳಿಯ ಬೀದಿಯ ಕಡೆ ನೋಡಿದರು. ಎದ್ದ ರೀತಿಯಲ್ಲಿ ಮೊಣಕಾಲು ನೋವೇನೂ ಕಾಣಲಿಲ್ಲ.

"ನನ್ನ ಕೇಳಬ್ಯಾಡವಾ. ನಿನ್ನ ಕಾರಿನ್ಯಾಗ ಕುಂತಾಳಲ್ಲ, ಆಕಿನ್ನ ಕೇಳು."

ನೀರಜಾ ಹಜಾರದ ಕತ್ತಲಲ್ಲಿ ಶೂ ಸಿಕ್ಕಿಸಿಕೊಂಡು ಹೊರಬಿದ್ದಳು. ಎದೆಯೊಳಗೆ ನೋವಾಗಿತ್ತು, ಅದನ್ನು ಮುಚ್ಚಿಡುವುದೇಕೆ. ಬೆಳಗ್ಗೆ ತನ್ನ ಕೈ ಹಿಡಿದು ಅತ್ತವಳು ತನಗೇ ಸುಳ್ಳು ಹೇಳಿದ್ದಳೇ? ಏನು ಕೇಳಿಸಿತು ಅಂತ ಕೇಳಿ, ಅಂದಿದ್ದಳು. ಏನು ಕಂಡರು ಅಂತ ಕೇಳಿ ಎಂದಿರಲಿಲ್ಲ. ನಿನ್ನೆ ಆ ಹೊಲದ ಮಂಜಿನಲ್ಲಿ ಏನೂ ಕಾಣುತ್ತಿರಲಿಲ್ಲ ಎಂದು ಮನೆಯಲ್ಲಿದ್ದವಳಿಗೆ ಹೇಗೆ ಗೊತ್ತು?

ಕಾರು ಕಾಣಲಿಲ್ಲ. ಗೇಟಿನ ಬಳಿ ನಿಂತು, ಮಂಜಿನ ಕಡೆಗೆ ಮುಖ ಮಾಡಿ, ಮಗುವನ್ನು ಎಬ್ಬಿಸುವಷ್ಟು ಮೆಲ್ಲಗೆ ನೀರಜಾ ಕೂಗಿದಳು.

"ಹುಲ್ಲುಲ್ಲಿಗ್ಯೋ..."

ಏನೂ ಇಲ್ಲ. ಎಲ್ಲೋ ಟ್ಯೂಬ್ ರೈಲು ಹೋದ ಸದ್ದು. ಆಮೇಲೆ, ಹತ್ತಿರದಲ್ಲೇ, ಮೈಸೂರಿನ ಮೆತ್ತಗಿನ ಧ್ವನಿ, ತನಗರಿವಿಲ್ಲದೆ ಬಂದಂತೆ ಬಂತು.

"ಚಲ್ಲಾಂಬರಿಗ್ಯೋ..."

ಸೌಜನ್ಯಾ ಕಾರಿಗೆ ಒರಗಿ ನಿಂತಿದ್ದಳು. ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದಳು.

"ಮದುವೆಯಾದಾಗಿಂದ ಪ್ರತಿ ವರ್ಷ ಮನೇಲಿ ಪ್ರಾಕ್ಟೀಸ್ ಮಾಡಿಸೋರು," ಎಂದಳು ಅಳುತ್ತ. "ಎಂದಾದರೂ ಊರಿಗೆ ಹೋದರೆ ಬೇಕಾಗುತ್ತೆ ಅಂತ."

"ಯಾಕ ಮುಚ್ಚಿಟ್ಟಿ?"

"ನಮ್ಮ ವೀಸಾ ಇರೋದು ಅವರು ಕೆಲಸ ಮಾಡೋ ಕಂಪನಿ ಕೈಲಿ ಅಕ್ಕಾ. ಬರೋ ಬೇಸಿಗೆ ಕಳೆದರೆ ಪರ್ಮನೆಂಟ್ ಆಗ್ತಿತ್ತು. ಅಲ್ಲೀವರೆಗೆ ಸುಮ್ಮನಿರಿ ಅಂತ ಕಾಲು ಹಿಡಿದೆ, ಕೇಳಲಿಲ್ಲ. ಕೊನೆಗೆ ನಾನೇ ಕಾಕಾಗೆ ಫೋನ್ ಮಾಡಿದೆ, ನೀವಾದರೂ ತಡೀರಿ ಅಂತ. ಆಮೇಲೆ ಮನಸ್ಸು ತಡೀಲಿಲ್ಲ. ಮಗಳನ್ನ ಸ್ಕೂಲಿಗೆ ಬಿಟ್ಟು, ಮಧ್ಯಾಹ್ನ ಆಗೋ ಹೊತ್ತಿಗೆ ನಾನೂ ಹೋದೆ. ಪೊಲೀಸರ ಹತ್ತಿರ ಹೇಳಿದರೆ ಇದೆಲ್ಲಾ ಹೇಳಬೇಕಲ್ಲ."

"ತಂಬಿಗಿ ಹೆಂಗ ನಿನ್ನ ಕೈಗೆ ಬಂತು?"

"ಅವರೇ ಕೊಟ್ಟರು. ನನ್ನ ನೋಡಿ ನಕ್ಕರು. ಬಂದೆಯಲ್ಲಾ, ಹಾಗಾದರೆ ನೀರು ನೀನೇ ಹಾಕು, ಕಳ್ಳನ ಹೊಟ್ಟೇಲಿ ಕಾರ್ಡಿದೆ, ತಂದುಬಿಡ್ತೀನಿ, ಇವತ್ತೇ ಕೊಡೋಣ ಅಂದರು." ಅವಳು ಬಿಕ್ಕಿದಳು. "ನಾನು ಹೂಂ ಅಂದೆ ಅಕ್ಕಾ. ಆಗಲಿ, ವೀಸಾ ಹೋದರೆ ಹೋಗಲಿ ಅಂದುಬಿಟ್ಟೆ. ಸುತ್ತು ಮುಗಿಸಿ ತಂಬಿಗೆ ಇಟ್ಟು ನೋಡಿದರೆ ಅವರಿಲ್ಲ, ಮಂಜಿನಲ್ಲಿ ಕಾಕಾನೂ ಕಾಣಲಿಲ್ಲ, ಕಲ್ಲೂ ಇಲ್ಲ. ತಗೊಂಡು ಹೊರಟುಹೋದರು ಅಂದುಕೊಂಡು ಬಂದುಬಿಟ್ಟೆ. ಶೆಡ್ಡಿನ ಹಿಂದೆ ಬಿದ್ದಿದ್ದವರನ್ನ ನೋಡದೆ ಪಕ್ಕದಲ್ಲೇ ಬಂದೆ. ನನ್ನ ಹೆಸರು ಹಿಡಿದು ಕರೆದರೋ ಏನೋ. ಅದೊಂದು ತಿಳೀಬೇಕು ನನಗೆ. ಕಾಕಾಗೆ ಏನಾದರೂ ಕೇಳಿಸಿತಾ?"

ಅಷ್ಟರಲ್ಲಿ ಮಂಜಿನೊಳಗಿಂದ ಎರಡು ಹಳದಿ ದೀಪಗಳು ಬಂದು ಅವರ ಪಕ್ಕದಲ್ಲಿ ನಿಂತವು. ಕಿಟಕಿಯ ಗಾಜು ಇಳಿಯಿತು. ನಿಜಲಿಂಗಪ್ಪ.

"ಅಳಬ್ಯಾಡವಾ ಸೌಜನ್ಯಾ. ಹೆಂಗದಾನ ಶಶಿ?"

"ಈಗಷ್ಟೇ ವಾರ್ಡಿಂದ ಫೋನ್ ಬಂತು ಕಾಕಾ. ಕಣ್ಣು ಬಿಟ್ಟಿದಾರಂತೆ. ಏನೋ ಹೇಳೋಕೆ ನೋಡ್ತಿದಾರಂತೆ."

"ಹೌದೇನು!" ಅವರ ಮುಖದಲ್ಲಿ ಒಂದು ಗಳಿಗೆ ಏನೂ ಇರಲಿಲ್ಲ. ಮರುಗಳಿಗೆ ನಗು ಬಂತು. "ಛಲೋ ಆತು. ನೀವು ಸಾವಕಾಶ ಬರ್ರಿ. ನಾ ಹೋಗಿ ಒಂದೀಟು ಮಾತಾಡಿಸಿ, ಆಮ್ಯಾಲೆ ಪಾರ್ಲಿಮೆಂಟಿಗೆ ಹೋಗತೀನಿ."

ಕೆಂಪು ದೀಪಗಳು ಮಂಜಿನಲ್ಲಿ ಕರಗಿದವು. ಎಷ್ಟು ಒಳ್ಳೆಯವರು, ಎಂದಳು ಸೌಜನ್ಯಾ, ಕಣ್ಣೊರೆಸಿಕೊಳ್ಳುತ್ತ.

ನೀರಜಾ ಆ ಕಡೆಯೇ ನೋಡುತ್ತಿದ್ದಳು. "ಶಶಿ ನಿನಗ ಕಾರ್ಡಿನ ಮಾತು ಹೇಳಿದನಲ್ಲ, ಮೆಲ್ಲಗ ಹೇಳಿದನೇನು?"

"ಇಲ್ಲ, ಖುಷೀಲಿ ಜೋರಾಗೇ ಹೇಳಿದರು. ಯಾಕೆ?"

"ಅದಾದ ಮ್ಯಾಲೆ ಕಾಕಾನ ಕೂಗು ಒಮ್ಮೆಯಾದರೂ ನಿಂತಿತ್ತೇನು? ನೆನಪು ಮಾಡಿಕೊಂಡು ಹೇಳು."

ಸೌಜನ್ಯಾ ಕಣ್ಣು ಮುಚ್ಚಿದಳು. ತುಟಿಗಳು ತಾವಾಗಿಯೇ ಆ ಕೂಗನ್ನು ಹಿಂಬಾಲಿಸಿದವು.

"ನಿಂತಿತ್ತು. ಒಂದು ಸಲ. ನಾನು ನೀರು ಹಾಕ್ತಾ ಕಾಯ್ತಾ ನಿಂತೆ. ಬಹಳ ಹೊತ್ತಾಯಿತು ಅನ್ನಿಸಿತು. ಆಮೇಲೆ ಕೂಗು ಬಂದಾಗ ದೂರದಿಂದ ಬಂತು, ಕೊಂಪೆ ಕಡೆಯಿಂದ. ಉಸಿರುಗಟ್ಟಿದ ಹಾಗೆ ಕೂಗ್ತಿದ್ದರು."

ಒಂದು ಸಲಾನೂ ನಿಲ್ಲಿಸಲಿಲ್ಲ, ಅಂದಿದ್ದರು ಅವರು.

ನೀರಜಾ ತಲೆ ತಗ್ಗಿಸಿದಳು. ಕಪ್ಪು ಶೂವಿನ ತುದಿಯಲ್ಲಿ ಏನೋ ಬೆಳ್ಳಗೆ ಮೆತ್ತಿಕೊಂಡಿತ್ತು. ಹಿಮವಿರಬೇಕು ಎಂದು ಬೆರಳಿನಿಂದ ಒರೆಸಿದಳು. ಅದು ಕರಗಲಿಲ್ಲ. ಬೆರಳಿಗೆ ಅಂಟಿತು, ಸಣ್ಣಗೆ ಉರಿಯಿತು.

ಸುಣ್ಣ.

ಅಲಾಟ್‌ಮೆಂಟಿನಲ್ಲಿ ಅವಳ ಕಾಲಲ್ಲಿದ್ದದ್ದು ಬೇರೆ ಬೂಟು. ಈ ಶೂ ಹಾಕಿಕೊಂಡ ಮೇಲೆ ಅವಳ ಕಾಲಿಗೆ ತಾಗಿದ್ದು ಒಂದೇ ಒಂದು ಕಲ್ಲು. ತಾಗಿದ ಕೂಡಲೇ ಉರುಳಿದ ಕಲ್ಲು. ಕಲ್ಲಾಗಿದ್ದರೆ ಅಷ್ಟು ಹಗುರಾಗಿ ಉರುಳುತ್ತಿತ್ತೇ?

ಅವಳು ಮೆಟ್ಟಿಲ ಕಡೆಗೆ ಓಡಿದಳು. ರೋಸ್ಮರಿ ಕುಂಡಗಳಿದ್ದವು, ಅವುಗಳ ಬುಡದ ಕಲ್ಲುಗಳಿದ್ದವು, ಎಲ್ಲದರ ಮೇಲೂ ಹಿಮ. ನಡುವೆ, ಆ ಕಲ್ಲನ್ನು ಅವಳು ತಳ್ಳಿಟ್ಟಲ್ಲಿ, ಅಂಗೈಯಗಲ ಒಣ ಜಾಗ ಖಾಲಿ ಬಿದ್ದಿತ್ತು.

"ಸೌಜನ್ಯಾ, ಆಸ್ಪತ್ರೆಗೆ ಫೋನ್ ಹಚ್ಚು! ಆ ಮನುಷ್ಯನ್ನ ಶಶಿ ಹತ್ರ ಬಿಡಬ್ಯಾಡ್ರಿ ಅಂತ ಹೇಳು!"

ಸೌಜನ್ಯಾ ಗೇಟಿನ ಬಳಿ ಬಂದು ನಿಂತಿದ್ದಳು. ಕೈಯಲ್ಲಿ ಫೋನಿತ್ತು, ಅದನ್ನು ಒತ್ತಿರಲಿಲ್ಲ. ಒಂದೊಂದೇ ಮಾತು ಅವಳ ಬಾಯಿಂದ ಬಂತು.

"ಬಿಡ್ತಾರೆ ಅಕ್ಕಾ. ನಿನ್ನೆ ವಾರ್ಡಿನವರು ಮನೆಯವರು ಯಾರು ಅಂತ ಕೇಳಿದಾಗ, ಕಾಕಾ ಹೆಸರನ್ನೂ ನಾನೇ ಕೊಟ್ಟಿದೀನಿ. ಅವರು ಬಂದರೆ ತಡೀಬೇಡಿ ಅಂತ."